ಕೈಗೆ ಹೊಡೆಯದ ಊರು

ನಮ್ಮ ಪರಾಚೊ ಊರಿನವರು ಜಗಳಗಂಟರು. ನಾನೇನು ಕಡಿಮೆಯಲ್ಲ. ಕುಡಿದರೆ ಮೂಗು ಒಡೆಯುತ್ತೇವೆ, ಹಲ್ಲು ಉದುರಿಸುತ್ತೇವೆ, ಬೇಲಿಯ ಗಲಾಟೆಗೆ ಮಚ್ಚು ಎತ್ತಿದ್ದೂ ಉಂಟು. ಆದರೆ ಎಷ್ಟೇ ರಕ್ತ ಕುದಿದರೂ ಯಾರೂ ಯಾರ ಕೈಗೂ ಹೊಡೆಯುವುದಿಲ್ಲ. ಮನೆಮನೆಯಲ್ಲೂ ಗಿಟಾರ್ ಮಾಡುವ ಊರು ಇದು. ಕೈ ಹೋದವನು ಇಲ್ಲಿ ಬದುಕಿದ್ದೂ ಸತ್ತಂತೆ. ಇಬ್ಬರು ಬೀದಿಯಲ್ಲಿ ಹೊಡೆದಾಟಕ್ಕೆ ನಿಂತರೆ ಸುತ್ತ ಸೇರಿದವರು ಬಿಡಿಸುವುದಿಲ್ಲ, "ಕೈಗೆ ಮಾತ್ರ ಹೊಡೀಬೇಡ್ರೋ!" ಎಂದು ಕೂಗುತ್ತಾರೆ, ಅಷ್ಟೇ.

ಅಂಥ ಊರಲ್ಲಿ, ಭಾನುವಾರ ಹಾಡಹಗಲೇ, ಯಾವನೋ ನನ್ನ ಮಗನ ಬಲಗೈ ಬೆರಳುಗಳನ್ನು ಕೊಡತಿಯಿಂದ ಜಜ್ಜಿ ಹೋದ.

ನಾನು ಸಂತೆಗೆ ಹೋಗಿದ್ದೆ. ಬಂದು ನೋಡಿದರೆ ಮಗ ಲಿಬ್ರಾದೊ ಕೆಲಸದ ಕೋಣೆಯಲ್ಲಿ ಮರದ ಹೊಟ್ಟಿನ ಮೇಲೆ ಬಿದ್ದಿದ್ದ. ತಲೆಯ ಹಿಂದೆ ಗಾಯ. ಆ ಹೊಟ್ಟು ರಕ್ತ ಕುಡಿದು ಉಂಡೆಗಟ್ಟಿತ್ತು. ಬೆರಳುಗಳ ಕಡೆ ನೋಡಿದವಳು ಶಾಲು ಕಿತ್ತು ಅವನ ಕೈಗೆ ಸುತ್ತಿದೆ. ಗೋಡೆಯ ಮೊಳೆ ಖಾಲಿಯಾಗಿತ್ತು. ಅಲ್ಲಿ ತೂಗುಹಾಕಿದ್ದ ನಮ್ಮ ಗಿಟಾರ್ ಇರಲಿಲ್ಲ.

ನನ್ನ ಗಂಡ ಅಬುಂದಿಯೊ ಊರವರಿಗೆ, ಪರದೇಶದವರಿಗೆ ನೂರಾರು ಗಿಟಾರ್ ಮಾಡಿಕೊಟ್ಟ. ಮನೆಗೆ ಅಂತ ಮಾಡಿದ್ದು ಇದೊಂದೇ, ಅದೂ ಸಾಯುವ ಹಿಂದಿನ ವರ್ಷ. ಎದೆಗೆ ಜರ್ಮನಿಯಿಂದ ತರಿಸಿದ ಬಿಳಿ ಮರ. ಬೆನ್ನಿಗೂ ಪಕ್ಕೆಗೂ ಕರಾವಳಿಯ ಕಾಡಿನ ಗ್ರನದಿಯೊ ಮರ, ಕೆಂಪು ಮೈಗೆ ಕಪ್ಪು ಗೆರೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಗುಂಯ್ ಎನ್ನುತ್ತಿತ್ತು. ಅರಗಿನ ಬಟ್ಟೆ ಹಿಡಿದು ಎರಡು ತಿಂಗಳು ಮೆರುಗು ಕೊಟ್ಟವಳು ನಾನು. ಬೆನ್ನ ಮೇಲೆ, ಕತ್ತಿನ ಬುಡದ ಹತ್ತಿರ, ಗಂಡ ತನ್ನ ಗುರುತಾಗಿ ಒಂದು ಪುಟ್ಟ ಹಕ್ಕಿಯನ್ನು ಸುಟ್ಟು ಬರೆದಿದ್ದ. ಮಗ ನುಡಿಸಿದರೆ ಗಂಡ ಮನೆಯೊಳಗೆ ಓಡಾಡಿದಂತೆ ಅನ್ನಿಸುತ್ತಿತ್ತು ನನಗೆ.

ಬೆರಳು ನೆಟ್ಟಗಾಗುವುದಿಲ್ಲ, ನುಡಿಸುವ ಮಾತು ಮರೆತುಬಿಡಿ ಎಂದರು ಡಾಕ್ಟರು.

"ಯಾರೋ ಅವನು? ಬಾಯಿ ಬಿಡೋ!" ಎಂದು ಮಗನನ್ನು ಅಲುಗಾಡಿಸಿದೆ.

"ಮುಖ ನೋಡ್ಲಿಲ್ಲವ್ವ. ಗೋಣಿಚೀಲ ಹಾಕ್ಕೊಂಡಿದ್ದ. ಹಿಂದಿಂದ ತಲೆಗೆ ಹೊಡ್ದ. ನಾನು ಗಿಟಾರ್ ಬಿಡ್ಲಿಲ್ಲ. ಅದಕ್ಕೆ ಬೆರಳಿಗೆ ಹೊಡ್ದ."

"ಸಿಗಲಿ ಅವನು. ಸಿಗಿದು ತೋರಣ ಕಟ್ತೀನಿ."

"ಬೇಡವ್ವ. ಯಾರನ್ನೂ ಹುಡುಕ್ಬೇಡ. ಹೋದ್ರೆ ಹೋಗ್ಲಿ."

"ಹೋದ್ರೆ ಹೋಗ್ಲಾ? ನಿಮ್ಮಪ್ಪನ ಗಿಟಾರ್ ಕಣೋ ಅದು! ಅದನ್ನ ನಿನ್ನ ತೊಡೆ ಮೇಲೆ ತಂದು ಇಡ್ದಿದ್ರೆ ನಾನು ಕಸಿಮಿರ ಅಲ್ಲ."

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಇಪ್ಪತ್ತಾರು ವರ್ಷದ ಗಂಡಸಿಗೆ ನಾನು ಚಮಚದಲ್ಲಿ ಜೋಳದ ಗಂಜಿ ತಿನ್ನಿಸತೊಡಗಿದೆ.

ನಾಲ್ಕನೆಯ ದಿನ ಹಿಟ್ಟಿನ ಗಿರಣಿಯ ಸಾಲಿನಲ್ಲಿ ಪಕ್ಕದ ಮನೆಯ ಒಬ್ದೂಲಿಯ ನಗುತ್ತ ಹೇಳಿದಳು: "ಅಕ್ಕ, ನಿಮ್ಮ ಮೈದುನ ಫಿದೆನ್ಸಿಯೊನ ಮುಖ ನೋಡಿದ್ರಾ? ಕುಂಬಳಕಾಯಿ ಆಗಿದೆ! ಕಣ್ಣು ಎಲ್ಲಿದೆ ಅಂತ ಹುಡುಕ್ಬೇಕು. ಜೇನು ಕಚ್ಚಿತಂತೆ."

"ಕೈಗೂ ಕಚ್ಚಿದೆಯಾ ಜೇನು?"

"ಮೊಣಕೈವರೆಗೂ ದದ್ದು. ಕೆರ್ಕೊಂಡು ಕೆರ್ಕೊಂಡು ರಕ್ತ ಬಂದಿದೆ ಪಾಪ."

ಜೋಳದ ಬಕೆಟ್ಟು ಅಲ್ಲೇ ಕುಕ್ಕಿದೆ. ನೇರ ಅವನ ಮನೆಯ ಕಡೆ ಹೊರಟೆ.

ಫಿದೆನ್ಸಿಯೊ ನನ್ನ ಗಂಡನ ತಮ್ಮ. ಒಂದು ಕಾಲಕ್ಕೆ ಅಣ್ಣನಿಗಿಂತ ಒಳ್ಳೆಯ ಕಸುಬುದಾರ. ಆದರೆ ಗ್ರನದಿಯೊ ಧೂಳು ಅವನ ಮೈಗೆ ಆಗಿಬರಲಿಲ್ಲ. ಅದನ್ನು ಉಜ್ಜಿದಾಗಲೆಲ್ಲ ಮುಖ ಊದಿ, ಕಣ್ಣು ಮುಚ್ಚಿ, ಮೈತುಂಬ ದದ್ದೆದ್ದು ಹಾಸಿಗೆ ಹಿಡಿಯುತ್ತಿದ್ದ. ಕೊನೆಗೆ ಗಿಟಾರನ್ನೇ ಬಿಟ್ಟು ಪೈನ್ ಮರದಲ್ಲಿ ಚಮಚ, ಬುಗುರಿ ಕಡೆಯುತ್ತ ಕೂತ. ಮೆರುಗು ಹಚ್ಚಿದ ಗ್ರನದಿಯೊ ತಬ್ಬಿಕೊಂಡು ಮಲಗಿದರೂ ಏನೂ ಮಾಡದು. ಮೆರುಗು ಕಿತ್ತು ಉಪ್ಪುಕಾಗದ ಹಾಕಿ ತಿಕ್ಕಿದರೆ ಮಾತ್ರ ಧೂಳೇಳುತ್ತದೆ. ಮಾಡಿ ಮುಗಿದ ಗಿಟಾರಿನಲ್ಲಿ ತಿಕ್ಕುವುದಕ್ಕೆ ಏನಿರುತ್ತದೆ? ನನ್ನ ಗಂಡನ ಹಕ್ಕಿ.

ಮಟಮಟ ಮಧ್ಯಾಹ್ನ. ಅವನ ಹೆಂಡತಿ ಚಮಚ ಮಾರಲು ಹೋಗಿದ್ದಳು. ಅವನು ಮರಗೆಲಸದ ಕೊಟ್ಟಿಗೆಯಲ್ಲಿ ಕೂತು ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ.

"ಯಾರು?"

"ಜೇನುಹುಳ," ಎಂದೆ.

ದನಿ ಗುರುತು ಹಿಡಿದ. "ಅತ್ತಿಗೆ, ಬನ್ನಿ, ಕೂತ್ಕೊ..."

ಮುಗಿಸಲು ಬಿಡಲಿಲ್ಲ. ಬಾಗಿಲಿಗೆ ಒರಗಿಸಿದ್ದ ಮರದ ರೀಪು ಎತ್ತಿ ಮೊಣಕಾಲಿಗೆ ಬಿಟ್ಟೆ. ಬಿದ್ದ. ಬೆನ್ನಿಗೆ, ಭುಜಕ್ಕೆ, ಮತ್ತೆ ಬೆನ್ನಿಗೆ ಚಚ್ಚಿದೆ. ರೀಪು ಮುರಿಯಿತು. ಅವನು ಕಣ್ಣು ಕಾಣದೆ ತಡಕಾಡಿ ಉಳಿ ಹಿಡಿದು ಬೀಸಿದ. ನನ್ನ ತೋಳು ಸೀಳಿತು. ನಲವತ್ತು ವರ್ಷ ಅರಗು ಉಜ್ಜಿದ ತೋಳು ಅದು, ಅಷ್ಟಕ್ಕೆಲ್ಲ ಸೋಲುವುದಿಲ್ಲ. ಕೂದಲು ಹಿಡಿದು ಅವನ ಹಣೆಯನ್ನು ಮೇಜಿನ ಅಂಚಿಗೆ ಅಪ್ಪಳಿಸಿದೆ. ಉಳಿ ಕೈಬಿಟ್ಟಿತು. ಅವನ ಬಲಗೈಯನ್ನು ಎಳೆದು, ಮರ ಕಚ್ಚಿ ಹಿಡಿಯುವ ವೈಸಿನ ಬಾಯಿಗೆ ತುರುಕಿ ತಿರುಪು ಬಿಗಿದೆ.

"ಎಲ್ಲಿದೆ?"

"ಅತ್ತಿಗೆ, ಕೈ! ಕೈ ಕಣಮ್ಮ ಅದು!"

"ನನ್ನ ಮಗನದ್ದೇನು ಕಾಲಾಗಿತ್ತೇನೋ?" ಒಂದು ಸುತ್ತು ತಿರುಗಿಸಿದೆ.

"ಅವನು ಬಿಡ್ಲಿಲ್ಲ! ಬಿಟ್ಟಿದ್ರೆ ಹೊಡೀತಿರ್ಲಿಲ್ಲ, ದೇವರಾಣೆ! ಆ ಮರ ನಂದು ಅತ್ತಿಗೆ. ಕರಾವಳಿಯಿಂದ ಹೇಸರಗತ್ತೆ ಮೇಲೆ ಹೇರ್ಕೊಂಡು ತಂದಿದ್ದು ನಾನು. ಅದನ್ನ ಮುಟ್ಟಿ ಕಸುಬು ಕಳ್ಕೊಂಡಿದ್ದು ನಾನು. ಅಣ್ಣ ಅದ್ರಲ್ಲೇ ಗಿಟಾರ್ ಮಾಡಿ ತನ್ನ ಹಕ್ಕಿ ಬರ್ಕೊಂಡ. ಆ ಜಾಗ್ದಲ್ಲಿ ನನ್ನ ಹೆಸರಿರ್ಬೇಕು ಅನ್ನಿಸ್ತು. ಒಂದೇ ಒಂದ್ಸಲ."

ಸುಳ್ಳೇಕೆ ಹೇಳಲಿ, ಪಾಪ ಅನ್ನಿಸಿತು. ಮರ ತಂದವನು ಅವನೇ, ನನಗೂ ಗೊತ್ತಿತ್ತು. ಆದರೆ ಹೊಟ್ಟಿನ ಮೇಲೆ ಬಿದ್ದಿದ್ದ ಮಗನ ಬೆರಳು ಕಣ್ಣೆದುರು ಬಂದವು. ಇನ್ನೊಂದು ಸುತ್ತು ತಿರುಗಿಸಿದೆ.

"ಜೋಳದ ಕಣಜದಲ್ಲಿ!" ಎಂದು ಕಿರುಚಿದ. "ಕಂಬಳಿ ಸುತ್ತಿ ಇಟ್ಟಿದೀನಿ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಮೊದಲ ಎರಡು ಸುತ್ತು ಗಿಟಾರಿಗಾಗಿ ತಿರುಗಿಸಿದ್ದು. ಆಮೇಲಿನ ಮೂರು ಸುತ್ತು ನನಗಾಗಿ ತಿರುಗಿಸಿದೆ. ಒಣ ಪೈನ್ ಸೀಳಿದಂತೆ ಮೂಳೆ ಮುರಿದದ್ದು ಕೇಳಿಸಿತು.

ಅವನ ಕೂಗಿಗೆ ಬೀದಿಯೆಲ್ಲ ಓಡಿಬಂತು. ಬಾಗಿಲಲ್ಲೇ ನಿಂತರು. ಅವನ ಒಡೆದ ಹಣೆಯನ್ನಾಗಲಿ, ನನ್ನ ತೋಳಿನ ರಕ್ತವನ್ನಾಗಲಿ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ವೈಸಿನ ಮೇಲೆ.

"ಕೈಗಾ ಅಕ್ಕ?" ಎಂದಳು ಒಬ್ದೂಲಿಯ, ಶಾಲನ್ನು ಬಾಯಿಗೆ ಅಡ್ಡ ಹಿಡಿದು. "ಕೈಗೆ ಹೊಡೆದ್ರಾ?"

ತಿರುಪು ಸಡಿಲಿಸಿ ಕಣಜಕ್ಕೆ ನಡೆದೆ. ಗಿಟಾರ್ ಅಲ್ಲೇ ಇತ್ತು. ಹಕ್ಕಿಯ ಒಂದು ರೆಕ್ಕೆಯನ್ನು ತಿಕ್ಕುವಷ್ಟರಲ್ಲಿ ಅವನ ಕಣ್ಣು ಮುಚ್ಚಿಹೋಗಿರಬೇಕು. ಉಳಿದರ್ಧ ಹಾಗೇ ಇತ್ತು. ತಟ್ಟಿ ನೋಡಿದೆ. ಗುಂಯ್ ಎಂದಿತು. ಎದೆಗೆ ಅವಚಿಕೊಂಡು ಬೀದಿಯಲ್ಲಿ ನಡೆದೆ. ಜನ ದಾರಿ ಬಿಟ್ಟರು.

ಅದನ್ನು ಮಗನ ತೊಡೆಯ ಮೇಲಿಟ್ಟೆ. ಅವನು ಎಡಗೈಯಿಂದ ಒಂದು ತಂತಿ ಮೀಟಿದ. ಮನೆಯೊಳಗೆ ಗಂಡ ಮತ್ತೆ ಓಡಾಡಿದಂತಾಗಿ ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು ನನಗೆ. ಕಣ್ಣೊರೆಸಿಕೊಂಡು ಗಂಜಿಯ ಬಟ್ಟಲು ತಂದು ಚಮಚ ಎತ್ತಿದೆ.

"ಬಾಯಿ ತೆಗಿ, ಮಗ."

"ಚಿಕ್ಕಪ್ಪ ಹೇಗಿದಾನೆ?" ಎಂದ.

ನಾನಿನ್ನೂ ಯಾರ ಹೆಸರನ್ನೂ ಎತ್ತಿರಲಿಲ್ಲ. "ಚಿಕ್ಕಪ್ಪ ಅಂತ ಯಾರೋ ಹೇಳಿದ್ರು ನಿಂಗೆ?"

"ಆವತ್ತೇ ಗೊತ್ತಿತ್ತವ್ವ. ಕೊಡತಿ ಎತ್ತುವಾಗ ಚೀಲದೊಳಗೆ ಅಳ್ತಾ ಇದ್ದ. ಆ ದನಿ ಗೊತ್ತಾಗಲ್ವಾ ನಂಗೆ?"

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ, ದರಿದ್ರದವನೇ?"

"ಹೇಳಿದ್ರೆ ನೀನು ಏನ್ಮಾಡ್ತೀಯ ಅಂತ್ಲೂ ಗೊತ್ತಿತ್ತು." ನನ್ನ ತೋಳಿನ ರಕ್ತ ನೋಡಿದ. "ಎಲ್ಲಿಗೆ ಹೊಡ್ದೆ?"

"ನಿನ್ನ ಬೆರಳನ್ನ ಅವನು..."

"ಕೈಗಾ, ಅವ್ವ?"

"ಹೂಂ."

ಚಮಚ ಅವನ ತುಟಿಯ ಹತ್ತಿರವೇ ಇತ್ತು. ಅವನು ಮುಖ ತಿರುಗಿಸಿದ. ಆಮೇಲೆ ಎಡಗೈ ಚಾಚಿ ನನ್ನಿಂದ ಚಮಚ ತೆಗೆದುಕೊಂಡ. ಅರ್ಧ ಗಂಜಿ ಅಂಗಿಯ ಮೇಲೆ, ಗಿಟಾರಿನ ಮೇಲೆ ಚೆಲ್ಲಿತು.

"ಕೊಡೋ ಇಲ್ಲಿ, ನಾನು ತಿನ್ನಿಸ್ತೀನಿ."

"ಬೇಡ. ಆ ಕೈಯಿಂದ ಬೇಡ."

ಇದು ನಡೆದು ಮೂರು ವರ್ಷವಾಯಿತು. ಈಗ ಎಡಗೈಯಲ್ಲಿ ಚೆಲ್ಲದೆ ತಿನ್ನುವುದನ್ನು ಕಲಿತಿದ್ದಾನೆ. ನನ್ನ ಕೈಯಿಂದ ಒಂದು ತುತ್ತೂ ತಿಂದಿಲ್ಲ.