ಮೊಟ್ಟೆಯ ಮೇಲೆ ಬೆಳೆಯಬೇಕಾದದ್ದು

ಜಲಜಾಕ್ಷಿಯ ಪಟಕ್ಕೆ ದಿನವೂ ಕುಂಕುಮ ಇಡುವುದು ನಾರಾಯಣಮೂರ್ತಿಗಳ ನೇಮ. ಹೆಂಡತಿ ತೀರಿಕೊಂಡ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ಈಗೀಗ ಮಾತ್ರ ಕುಂಕುಮ ಹಣೆ ಬಿಟ್ಟು ಮೂಗಿನ ಮೇಲೆ ಹೋಗುತ್ತಿತ್ತು. ಎಡಗಣ್ಣು ಮೊದಲೇ ಮಂಜು. ಸೌದೆ ಒಡೆಯುವಾಗ ಚಕ್ಕೆ ಸಿಡಿದು ಬಲಗಣ್ಣಿನಲ್ಲಿ ಹುಣ್ಣಾಗಿತ್ತು. ಬೂಷ್ಟಿನ ಸೋಂಕೆಂದು ಹಾಕಿದ ಹನಿಗೆ ಅದು ಜಗ್ಗಲಿಲ್ಲ.

"ಅಜ್ಜ, ಅಜ್ಜಿಗೆ ಮೂಗುತಿ ಹಾಕ್ತಿದ್ದೀರಾ?" ಎಂದು ಕೇಳಿದ ಮೊಮ್ಮಗಳು ಧೃತಿ, ತೀರ್ಥಹಳ್ಳಿಯಿಂದ ಅವರನ್ನು ಸಾಗರದ ಕಣ್ಣಾಸ್ಪತ್ರೆಗೆ ಕರೆತಂದಳು.

ಡಾಕ್ಟರು ಹುಣ್ಣನ್ನು ತುಸು ಕೆರೆದು ಲ್ಯಾಬಿಗೆ ಕಳಿಸಿದರು. "ಕ್ಷಯದ ಕ್ರಿಮಿಯ ದಾಯಾದಿ ಇರಬಹುದು. ಯಾವುದೆಂದು ತಿಳಿಯದಿದ್ದರೆ ಕಣ್ಣು ಉಳಿಯುವ ಭರವಸೆ ಇಲ್ಲ" ಎಂದರು.

ಲ್ಯಾಬಿನ ರಕ್ಷಾ ಒಂದು ಪುಟ್ಟ ಸೀಸೆ ತೋರಿಸಿದಳು. ಒಳಗೆ ಹಸಿರು ಬಣ್ಣದ ಗಟ್ಟಿ ಪದಾರ್ಥ. "ನಿಮ್ಮ ಕಣ್ಣಿಂದ ತೆಗೆದದ್ದನ್ನ ಇದರ ಮೇಲೆ ಹಚ್ಚಿದ್ದೇನೆ ಅಜ್ಜ. ಈ ಕ್ರಿಮಿ ಬೆಳೆಯೋದು ನಿಧಾನ. ಕಾಯಬೇಕು."

"ಚಂದ ಇದೆ. ಎಂತದ್ದು ಇದು?"

"ಮೊಟ್ಟೆ. ಹಸಿರು ಬಣ್ಣ ಬೆರೆಸಿ ಗಟ್ಟಿ ಮಾಡಿದ್ದು. ಕ್ರಿಮಿಗೆ ಆಹಾರ."

ನಾರಾಯಣಮೂರ್ತಿಗಳು ಹಿಂದೆ ಸರಿದರು. "ತಲೆತಲಾಂತರದಿಂದ ಪೂಜೆ ಮಾಡಿದ ಮನೆತನದ ಕಣ್ಣು ಮಾರಾಯ್ತಿ ಇದು! ಗಂಜಿ ಆಗೋದಿಲ್ವಾ?"

"ಗಂಜಿ ನಿಮಗೆ. ಅದಕ್ಕೆ ಇದೇ ಬೇಕು."

ಊರಿಗೆ ಮರಳಿದ ನಾರಾಯಣಮೂರ್ತಿಗಳು ದಿನವೂ ತುಪ್ಪದ ದೀಪ ಹಚ್ಚಿ, "ಸ್ವಾಮೀ, ಆ ಸೀಸೆಯಲ್ಲಿ ಏನೂ ಬೆಳೆಯದಿರಲಿ. ಪಂಚಕಜ್ಜಾಯ ಮಾಡಿಸುತ್ತೇನೆ" ಎಂದು ಬೇಡಿದರು. ಮುಂದಿನ ವಾರ ಲ್ಯಾಬಿಗೆ ಹೋದಾಗ ರಕ್ಷಾ ಪೆಚ್ಚುಮೋರೆ ಹಾಕಿ, "ಇನ್ನೂ ಏನೂ ಬಂದಿಲ್ಲ" ಎಂದಳು.

"ಬರೋದಿಲ್ಲ! ಬರಬಾರದು ಅಂತ ಹರಕೆ ಹೊತ್ತಿದ್ದೇನೆ."

ರಕ್ಷಾ ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜ! ಕ್ರಿಮಿ ಕಣ್ಣಲ್ಲಿ ಹೇಗೂ ಇದೆ. ಸೀಸೆಯಲ್ಲಿ ಬೆಳೆದರೆ ತಾನೇ ಯಾವ ಔಷಧಿಗೆ ಸಾಯುತ್ತೆ ಅಂತ ನೋಡೋದು?"

ನಾರಾಯಣಮೂರ್ತಿಗಳು ಬಸ್ಸು ಹತ್ತಿ ಊರಿಗೆ ಬಂದರು. ಮರುದಿನ ದೀಪದ ಮುಂದೆ ಕೈಮುಗಿದರು. "ಸ್ವಾಮೀ, ಇಷ್ಟು ದಿನ ಕೇಳಿದ್ದು ವಾಪಸ್. ಆ ಕ್ರಿಮಿ ಮೊಟ್ಟೆ ತಿಂದು ದಷ್ಟಪುಷ್ಟವಾಗಲಿ. ಪಂಚಕಜ್ಜಾಯ ಹಾಗೇ ಇರಲಿ."

ಬಾಗಿಲಲ್ಲಿದ್ದ ಧೃತಿಗೆ ನಗು ತಡೆಯಲಿಲ್ಲ. "ಅಜ್ಜಿ ಇದ್ದಿದ್ರೆ ಎಂತ ಹೇಳ್ತಿದ್ರು?"

"ಮೊದಲು ಅರ್ಥ ಮಾಡಿಕೊಳ್ಳಿ, ಆಮೇಲೆ ದೇವರನ್ನ ಎಬ್ಬಿಸಿ ಅಂತಿದ್ದಳು."

ಕೆಲವು ದಿನಗಳಲ್ಲೇ ರಕ್ಷಾ ಫೋನ್ ಮಾಡಿದಳು. "ಬಂತು ಅಜ್ಜ! ಬಾಳೆಲೆ ಮೇಲೆ ನುಚ್ಚು ಉದುರಿದ ಹಾಗೆ!" ಅದು ಯಾವುದಕ್ಕೆ ಸಾಯುವುದೆಂದು ಪರೀಕ್ಷಿಸಿ ಡಾಕ್ಟರು ಹೊಸ ಹನಿ ಕೊಟ್ಟರು. ಹುಣ್ಣು ಮೆಲ್ಲಗೆ ಮಾಯಿತು. ಪಂಚಕಜ್ಜಾಯ ಲ್ಯಾಬಿಗೂ ಹೋಯಿತು.

"ಯಾರ ಹೆಸರಲ್ಲಿ ಪೂಜೆ, ಅಜ್ಜ?" ಎಂದು ಕೇಳಿದಳು ರಕ್ಷಾ.

"ನಿನ್ನ ಸೀಸೆಯ ಹೆಸರಲ್ಲಿ, ಮಗಳೇ."

ಜಲಜಾಕ್ಷಿಯ ವರ್ಷಾಂತಿಕದ ಬೆಳಿಗ್ಗೆ ಕುಂಕುಮ ನೇರವಾಗಿ ಹಣೆಗೇ ಹೋಯಿತು. ಮೂಗಿನ ಮೇಲಿದ್ದ ಹಳೆಯ ಚುಕ್ಕೆಯೂ ಈಗ ಕಂಡಿತು. ಒರೆಸಲು ಹೋದವರು ಕೈ ಹಿಂದೆಗೆದರು.

"ಇರಲಿ," ಎಂದರು. "ಮೂಗುತಿ ಅವಳಿಗೆ ಒಪ್ಪುತ್ತದೆ."