ಮೈಸೂರಿಗೆ ಹೋದ ನೀರು

ಗುರುಶಾಂತಮ್ಮನ ಹಿತ್ತಲ ಬಾವಿಗೆ ರಾವಂದೂರಿನಲ್ಲಿ ಒಳ್ಳೆಯ ಹೆಸರು. ಆ ಹೆಸರಿನ ಜಂಬ ಆಕೆಗೂ ಕಡಿಮೆಯಿರಲಿಲ್ಲ. ಊರು ಬೆಳೆದು ಗೋಡೆಯಾಚೆ ಸಾಲುಮನೆಗಳೆದ್ದು, ಅವುಗಳ ಕಕ್ಕಸಿನ ಗುಂಡಿಗಳು ಗೋಡೆಗೇ ಆತುಕೊಂಡ ಮೇಲೂ ಅಲ್ಲಿನ ಹೆಂಗಸರು ಇಲ್ಲಿಗೇ ಕೊಡ ತರುತ್ತಿದ್ದರು. ಹಗ್ಗ ಮಾತ್ರ ಯಾರಿಗೂ ಮುಟ್ಟಗೊಡಳು. ತಾನೇ ಸೇದಿ ಸುರಿಯುವಳು.

ಆರೋಗ್ಯ ಇಲಾಖೆಯ ದೇವರಾಜು ನೀರಿನ ಪರೀಕ್ಷೆಗೆಂದು ಬಂದ. "ಶೀಸೆ ನಾನೇ ಇಳಿಸ್ಬೇಕು ಕಣ್ರವ್ವಾ."

"ಚೆನ್ನಾಗೇಳ್ದೆ! ಲಿಂಗಕ್ಕೆರೆಯೋ ನೀರಿಗೆ ಕಂಡೋರ ಶೀಸೆ ಇಳಿಸ್ತಾರಾ? ಕೊಡಪ್ಪ ಇಲ್ಲಿ, ಮಡೀಲಿ ನಾನೇ ತುಂಬ್ಕೊಡ್ತೀನಿ."

ಅವನು ಪಾಪ, ಜಗಲಿಯಲ್ಲಿ ಕೂತ.

ಶೀಸೆ ಮೈಸೂರಿಗೆ ಹೋಗುವುದಂತೆ, ದೊಡ್ಡವರು ನೋಡುವರಂತೆ. ಬಂದವರಿಗೆ ಮನೆಯಲ್ಲಿರುವುದರಲ್ಲೇ ಒಳ್ಳೆಯದನ್ನು ಕೊಟ್ಟು ರೂಢಿಯಾದ ಕೈ ಬಾವಿಯ ಕಡೆ ಹೋಗಲಿಲ್ಲ. ಸೋಮವಾರದ ಪೂಜೆಗೆಂದು ಚುಂಚನಕಟ್ಟೆಯಿಂದ ಗಾಡಿಯಲ್ಲಿ ತರಿಸಿದ್ದ ಕಾವೇರಿ ನೀರು ತಾಮ್ರದ ಬಿಂದಿಗೆಯಲ್ಲಿತ್ತು. ಅದನ್ನೇ ತುಂಬಿದಳು. ಮೋಸದ ಎಣಿಕೆಯಲ್ಲ, ಮನೆಯ ಮಾನ ಕಾಯುವ ಎಣಿಕೆ.

ನೀರು ಚೆನ್ನಾಗಿದೆಯೆಂದು ದೇವರಾಜು ಬಂದು ಹೇಳಿದಾಗ, ಸಾಲುಮನೆಗೆಲ್ಲ ಕೇಳಿಸುವಂತೆ ಇನ್ನೊಂದು ಸಲ ಹೇಳಿಸಿದಳು. ತಾನು ತುಂಬಿದ್ದು ಯಾವ ನೀರೆಂಬುದೇ ಅವಳಿಗೆ ಮರೆತುಹೋಗಿತ್ತು.

ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಸರ್ವಮಂಗಳ ಒಂದು ದಿನ ಲೋಟ ಕೆಳಗಿಟ್ಟಳು. "ವಾಸ್ನೆ ಬತ್ತದೆ ಕಣವ್ವಾ."

"ಬಸುರೀಲಿ ಎಲ್ಲಾನೂ ವಾಸ್ನೇನೇ. ಮೈಸೂರ್ನೋರೇ ಒಪ್ಪವ್ರೆ, ಕುಡಿ ಮಗಾ."

ತಾಯಿಯ ಮಾತು ಮೀರುವ ಹುಡುಗಿಯಲ್ಲ. ಮೂಗು ಮುಚ್ಚಿಕೊಂಡು ಕುಡಿದಳು.

ಮಗಳು ಜ್ವರ ಹಿಡಿದು ಮಲಗಿದಳು. ವಿಷಮಶೀತಜ್ವರ, ಕೆಟ್ಟ ನೀರಿನಿಂದ ಬರುವಂಥದು ಎಂದರು ಪಿರಿಯಾಪಟ್ಟಣದ ಡಾಕ್ಟರು. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ಆಗ ಗುರುಶಾಂತಮ್ಮನಿಗೆ ತಾಮ್ರದ ಬಿಂದಿಗೆ ನೆನಪಾಯಿತು. ಮಗಳು ಹೊಟ್ಟೆಯಲ್ಲಿದ್ದ ಕೂಸಿನೊಂದಿಗೇ ಹೋದಳು. ಇಂಥ ದುಃಖ ಶತ್ರುವಿಗೂ ಬೇಡ.

ವಾರ ಕಳೆದು ಹೆಂಗಸರು ಮತ್ತೆ ಕೊಡ ತಂದಾಗ ಆಕೆ ಬಾವಿಕಟ್ಟೆಗೆ ಅಡ್ಡ ಕೂತಳು.

"ಬ್ಯಾಡ ಕಣ್ರವ್ವಾ. ಮೈಸೂರ್ಗೋದ ನೀರು ಇದಲ್ಲ. ನಾನು ಕಾವೇರಿ ಒಳೆ ನೀರು ತುಂಬ್ಕೊಟ್ಟಿದ್ದೆ. ನನ್ನ ಮಗಳ್ನ ನಾನೇ ಕೊಂದ್ಬುಟ್ಟೆ."

ಹೆಂಗಸರು ಮುಖಮುಖ ನೋಡಿಕೊಂಡರು. ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಸಂಕಟಕ್ಕೆ ಏನೇನೋ ಮಾತಾಡ್ತವ್ರೆ ಪಾಪ" ಎಂದಳು ಸಾಲುಮನೆಯ ಸುಂದ್ರಮ್ಮ. ಆಕೆಯನ್ನು ಮೆಲ್ಲಗೆ ಎಬ್ಬಿಸಿ ಪಕ್ಕಕ್ಕೆ ಕೂರಿಸಿದಳು. ಯಾರೂ ಮುಟ್ಟದ ಹಗ್ಗವನ್ನು ತಾನೇ ಹಿಡಿದು ಸೇದಿದಳು. ಮೊದಲ ಕೊಡದಿಂದಲೇ ಒಂದು ಲೋಟ ಬಗ್ಗಿಸಿ ಗುರುಶಾಂತಮ್ಮನ ತುಟಿಗೆ ಹಿಡಿದಳು.

"ಒಂದು ಗುಟುಕು ಕುಡೀರವ್ವಾ. ಒಳ್ಳೇ ನೀರು."