ಒಲೆಯಲ್ಲಿ ಸುಟ್ಟ ಕೆಂಪು

ಝೆಮೊವಿತ್‌ಗೆ ಅರವತ್ತೊಂದು. ವೊಲಿನ್ ಊರಿನ ಮನೆಮನೆಗೂ ಒಲೆ ಕಟ್ಟಿಕೊಟ್ಟು ಮಂಡಿ ಸವೆದಿತ್ತು. ಚಳಿಗಾಲಕ್ಕೆ ಶಸ್ತ್ರಚಿಕಿತ್ಸೆ ಎಂದು ಆಸ್ಪತ್ರೆಯವರು ದಿನ ಗೊತ್ತು ಮಾಡಿದ್ದರು. ಆಮೇಲೆ ಗುರಾಣಿ ಹಿಡಿದು ಓಡುವುದು ಕನಸಿನ ಮಾತು. ಸಾವಿರ ವರ್ಷ ಹಿಂದಿನ ಕಾಳಗವನ್ನು ಆಡಿ ತೋರಿಸುವ ತಂಡದಲ್ಲಿ ಹನ್ನೊಂದು ವರ್ಷ ಅವನು ಹಿಂದಿನ ಸಾಲಿನಲ್ಲೇ ನಿಂತಿದ್ದ. ಮೊದಲ ಬಾಣಗಳಿಗೇ ಸತ್ತು ಬೀಳುವುದು ಆ ಸಾಲಿನವರ ಪಾಲು. ಈ ಆಗಸ್ಟಿನಲ್ಲಿ ಒಂದೇ ಒಂದು ಸಲ ಅವನಿಗೆ ಮುಂದಿನ ಸಾಲು ಬೇಕಿತ್ತು.

ಮುಂದಿನ ಸಾಲಿಗೆ ಕೆಂಪು ಗುರಾಣಿಯೇ ಆಗಬೇಕು. ಡಬ್ಬಿಯ ಬಣ್ಣ ನಿಷಿದ್ಧ, ಆ ಕಾಲದ್ದೇ ಬಣ್ಣದ ಪುಡಿ ಬೇಕು. ಅದು ಬರುವುದು ಜರ್ಮನಿಯ ಅಂಗಡಿಯಿಂದ. ಬೆಲೆ ಕೇಳಿದರೆ ಒಲೆ ಕಟ್ಟುವವನ ಎದೆ ಝಲ್ಲೆನ್ನುತ್ತದೆ. ತಂಡದ ನಾಯಕ ಕೊರ್ದಿಯಾನ್ ಹಲ್ಲಿನ ಡಾಕ್ಟರು, ಅವನಿಗೇನು!

ಝೆಮೊವಿತ್ ನದೀದಂಡೆಯ ಹಳದಿ ಮಣ್ಣು ತಂದು ಮನೆಯ ಒಲೆಯಲ್ಲಿ ಸುಟ್ಟ. ಸುಟ್ಟರೆ ಅದು ಕೆಂಪಾಗುವುದು ಅವನ ಕಸುಬಿನವರಿಗೆ ಹೊಸತಲ್ಲ. ಅರೆದು, ಸೋಸಿ, ಒಡೆದ ಹಾಲಿನ ಗಿಣ್ಣಿಗೆ ಸುಣ್ಣ ಬೆರೆಸಿದ ಅಂಟಿನಲ್ಲಿ ಕಲಸಿ ಮರದ ಗುರಾಣಿಗೆ ಬಳಿದ.

"ಕಡುಬಿಗೆ ಅಂತ ಇಟ್ಟಿದ್ದ ಗಿಣ್ಣೆಲ್ಲ ಹಲಗೆಗೆ ತಿನ್ನಿಸಿದ್ಯಾ? ರಾತ್ರಿಗೆ ಅದನ್ನೇ ಕಚ್ಕೊಂಡು ತಿನ್ನು!" ಎಂದಳು ಹೆಂಡತಿ ಹಾಲ್ಷ್ಕಾ. ಬೈದರೂ, ಮೂರು ವಾರ ಬಣ್ಣ ಒಣಗುವ ತನಕ ಬೆಕ್ಕು ಹತ್ತದಂತೆ ಕಾದವಳು ಅವಳೇ.

ಕಾಳಗದ ಬೆಳಿಗ್ಗೆ ತಪಾಸಣೆ. ಕೊರ್ದಿಯಾನ್ ಗುರಾಣಿಯನ್ನು ಉಗುರಿನಿಂದ ಕೆರೆದು ನೋಡಿದ.

"ಭರ್ಜರಿ ಕೆಂಪು! ಯಾವ ಅಂಗಡೀದು?"

ಅಲ್ಲೇ ಝೆಮೊವಿತ್ ಎಡವಿದ್ದು. ಹೆಮ್ಮೆಯಿಂದ ನಿಜ ಹೇಳಿಬಿಟ್ಟ. "ಅಂಗಡಿ ಯಾಕೆ ಡಾಕ್ಟ್ರೇ? ನಮ್ಮ ದಂಡೆ ಮಣ್ಣು, ನಮ್ಮನೆ ಒಲೇಲಿ ಸುಟ್ಟಿದ್ದು."

"ಹಾಗಾದ್ರೆ ಕಾಗದ?"

"ಯಾವ ಕಾಗದ?"

"ಆ ಕಾಲದ್ದೇ ಬಣ್ಣ ಅನ್ನೋದಕ್ಕೆ ಪುರಾವೆ. ಅಂಗಡಿಯವರು ಪೊಟ್ಟಣದ ಜೊತೆ ಕೊಡ್ತಾರಲ್ಲ."

"ಆ ಕಾಲದವರಿಗೆ ಯಾರಪ್ಪ ಕಾಗದ ಕೊಟ್ಟಿದ್ದು? ಅವರೂ ಹೀಗೇ ಮಣ್ಣು ಅಗೆದವರು!"

ಎಲ್ಲರೂ ನಕ್ಕರು. ಕೊರ್ದಿಯಾನನೂ ನಕ್ಕ. "ಮಾತಿಗೇನೂ ಕಮ್ಮಿ ಇಲ್ಲ, ತಾತ. ಆದ್ರೆ ನಿಯಮ ನಿಯಮಾನೇ. ಹಿಂದಿನ ಸಾಲಿಗೆ ಹೋಗಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಮಧ್ಯಾಹ್ನ ಕೊಂಬು ಊದಿದರು. ಮೊದಲ ಬಾಣಗಳಿಗೇ ಝೆಮೊವಿತ್ ಬಿದ್ದ, ಹನ್ನೆರಡನೆಯ ಸಲ. ಮತ್ತೆ ಕೊಂಬು ಊದುವ ತನಕ ಸತ್ತವರು ಅಲುಗುವಂತಿಲ್ಲ. ಅಷ್ಟರಲ್ಲಿ ಮಳೆ ಸುರಿಯಿತು. ಕೊರ್ದಿಯಾನ್ ತನ್ನ ದುಬಾರಿ ಪುಡಿಯನ್ನು ಮೊಟ್ಟೆಯಲ್ಲಿ ಕಲಸಿ ಬಳಿದದ್ದು ಹಿಂದಿನ ದಿನವಷ್ಟೇ. ಅದು ಕರಗಿ ತೋಳು, ಅಂಗಿಗೆಲ್ಲ ಇಳಿಯಿತು. ರಕ್ತವೇ ಹರಿಯುತ್ತಿದೆ ಎಂದು ಜನ ಎದ್ದು ನಿಂತು ಶಿಳ್ಳೆ ಹಾಕಿದರು.

ಝೆಮೊವಿತ್‌ನ ಗುರಾಣಿಯಿಂದ ಒಂದು ಹನಿ ಕೆಂಪೂ ಇಳಿಯಲಿಲ್ಲ. ಅದನ್ನು ಯಾರೂ ನೋಡಲೂ ಇಲ್ಲ. ಒದ್ದೆ ಹುಲ್ಲಿನಲ್ಲಿ ಬಿದ್ದುಕೊಂಡು ಅರೆಗಣ್ಣಲ್ಲೇ ಎಲ್ಲ ನೋಡುತ್ತಿದ್ದ ಅವನಿಗೆ ಹೊಟ್ಟೆ ಉರಿಯಿತು, ಅಳುವೂ ಬಂತು.

ಆಟ ಮುಗಿದ ಮೇಲೆ ಕೊರ್ದಿಯಾನ್ ಕೈಕೊಟ್ಟು ಎಬ್ಬಿಸಿದ. "ನಿಮ್ಮಷ್ಟು ಚೆನ್ನಾಗಿ ಸಾಯೋರು ನಮ್ಮಲ್ಲಿ ಇನ್ನೊಬ್ರಿಲ್ಲ, ತಾತ!"

"ಅಭ್ಯಾಸ ಡಾಕ್ಟ್ರೇ," ಎಂದ ಝೆಮೊವಿತ್.